ಕರಿಯ ತೆರೆಯ ಮೇಲಿನ ಬಣ್ಣದ ಅಕ್ಷರಗಳು

ಇಂದಿನ ಮಾತು ಗಣಕಯಂತ್ರದ ಒಂದು ಸಣ್ಣ ತೊಂದರೆಯ ಕುರಿತು. ಸಣ್ಣದು ಎಂದೆ. ಆದರೆ ಇದರಿಂದ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಯ ಅರ್ಧ ಗಂಟೆ ಹೋದದ್ದುಂಟು, ಒಂದು ಕಚೇರಿಯ ಮೂರು ತಿಂಗಳ ಕಡತಗಳು ಹೋದದ್ದೂ ಉಂಟು. ಆ ಸಂಗತಿಗೆ ಮುಂದೆ ಬರುತ್ತೇನೆ.

ಮೌಸ್ ಹಿಡಿದು ಚಿತ್ರಗಳ ಮೇಲೆ ಒತ್ತುತ್ತ ಕೆಲಸ ಮಾಡುವ ಗಣಕವನ್ನು ಎಲ್ಲರೂ ಬಲ್ಲರು. ಅದರೊಳಗೇ ಇನ್ನೊಂದು ಕಿಟಕಿ ಇದೆ. ಕರಿಯ ತೆರೆ, ಮಿನುಗುವ ಒಂದು ಗೆರೆ, ಅಷ್ಟೆ. ಅಪ್ಪಣೆಯನ್ನು ಅಕ್ಷರಗಳಲ್ಲೇ ಬರೆಯಬೇಕು. ಉತ್ತರವೂ ಅಕ್ಷರಗಳಲ್ಲೇ ಬರುತ್ತದೆ. ಇದಕ್ಕೆ ಟರ್ಮಿನಲ್ ಎಂದು ಹೆಸರು. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಿಂದ ಹಿಡಿದು ನಮ್ಮ ನಗರದ ಪದವಿ ಕಾಲೇಜುಗಳ ಪ್ರಯೋಗಾಲಯಗಳವರೆಗೆ, 1995ರಲ್ಲಿ ಇನ್ಫೋಸಿಸ್ ಇಲ್ಲಿಗೆ ಬಂದ ಮೇಲೆ ಬೆಳೆದ ತಂತ್ರಾಂಶ ಕಚೇರಿಗಳಲ್ಲಿ, ಮನೆಯಲ್ಲೇ ಕುಳಿತು ಬೆಂಗಳೂರಿನ ಯಂತ್ರವನ್ನು ನಡೆಸುವ ಹುಡುಗ ಹುಡುಗಿಯರ ಕೋಣೆಗಳಲ್ಲಿ, ಈ ಕರಿಯ ಕಿಟಕಿ ದಿನವಿಡೀ ತೆರೆದೇ ಇರುತ್ತದೆ. ಅದರಲ್ಲಿ ಕಡತಕೋಶದ ಹೆಸರು ನೀಲಿ, ತಪ್ಪಿನ ಸೂಚನೆ ಕೆಂಪು, ಸರಿಯಾದದ್ದು ಹಸಿರು. ಈ ಬಣ್ಣಗಳು ಕೆಟ್ಟಾಗ ಏನು ಮಾಡಬೇಕು? ಒಬ್ಬರಿಗೆ ಬಣ್ಣವೇ ಬರುವುದಿಲ್ಲ. ಇನ್ನೊಬ್ಬರಿಗೆ ಬಣ್ಣದ ಬದಲು ಚೌಕ ಕಂಸ, ಅಂಕಿ, ಎಂ ಅಕ್ಷರ ಎಂದು ಕಸದ ಹಾಗೆ ತೆರೆ ತುಂಬುತ್ತದೆ. ಮತ್ತೊಬ್ಬರಿಗೆ ಬಣ್ಣ ಬಂದಿದೆ, ಆದರೆ ಅಕ್ಷರವೇ ಕಾಣಿಸುವುದಿಲ್ಲ.

ದೂರದರ್ಶನದ ಕೆಲಸ ಮಾಡುವವನು ಈ ವಿಷಯ ಹೇಳಲು ಏಕೆ ಹೊರಟ ಎಂದು ನೀವು ಕೇಳಬಹುದು. ಕಾರಣ ಇಷ್ಟೇ. ಟರ್ಮಿನಲ್ಲಿನ ಬಣ್ಣವೂ ನಮ್ಮ ಟಿ.ವಿ.ಯ ಬಣ್ಣವೂ ಒಂದೇ ಮನೆಯ ಮಕ್ಕಳು. ಎರಡರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರೇ ಬೆಳಕುಗಳು. ಎರಡರಲ್ಲೂ ಕಳುಹಿಸುವವನು ಒಬ್ಬ, ತೋರಿಸುವವನು ಇನ್ನೊಬ್ಬ. ದೋಷ ಹುಡುಕುವ ದಾರಿಯೂ ಒಂದೇ.

ಮೊದಲು, ಬಣ್ಣ ಹೇಗೆ ಹೋಗುತ್ತದೆ ಎಂಬುದನ್ನು ನೋಡೋಣ. ಮಂಗಳೂರಿನವರಿಗೆ ಇದನ್ನು ಅಚ್ಚುಕೂಟದ ಉದಾಹರಣೆಯಿಂದ ಹೇಳುವುದು ಸುಲಭ. ಬಾಸೆಲ್ ಮಿಶನ್ನಿನವರು ಇಲ್ಲಿ ಮುದ್ರಣ ಆರಂಭಿಸಿ, 1843ರಲ್ಲಿ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ'ವನ್ನೂ 1894ರಲ್ಲಿ ಕಿಟೆಲರ ನಿಘಂಟನ್ನೂ ಹೊರತಂದ ಊರು ಇದು. ಕರಡು ತಿದ್ದುವವರು ಹಾಳೆಯ ಅಂಚಿನಲ್ಲಿ 'ಈ ಪದ ದಪ್ಪ ಅಕ್ಷರದಲ್ಲಿ' ಎಂದು ಗುರುತು ಹಾಕುತ್ತಾರೆ. ಮೊಳೆ ಜೋಡಿಸುವವನು ಆ ಗುರುತನ್ನು ಓದಿ ಪಾಲಿಸುತ್ತಾನೆ, ಗುರುತನ್ನೇ ಅಚ್ಚು ಮಾಡುವುದಿಲ್ಲ. ಟರ್ಮಿನಲ್ಲಿನಲ್ಲಿಯೂ ಹಾಗೆಯೇ. ಅಕ್ಷರಗಳ ಸಾಲಿನ ನಡುವೆಯೇ ಒಂದು ಗುಪ್ತ ಗುರುತು ಬರುತ್ತದೆ. ಅದರ ಮೊದಲ ಅಕ್ಷರ 27ನೆಯ ಸಂಕೇತ, ಎಸ್ಕೇಪ್ ಎಂದು ಹೆಸರು. ಅದರ ಹಿಂದೆ ಎಡ ಚೌಕ ಕಂಸ, ಒಂದು ಅಂಕಿ, ಕೊನೆಗೆ ಎಂ ಎಂಬ ಅಕ್ಷರ. ಅಂಕಿ 31 ಆದರೆ 'ಇಲ್ಲಿಂದ ಕೆಂಪು' ಎಂದರ್ಥ. ಅಂಕಿ 0 ಆದರೆ 'ಎಲ್ಲವನ್ನೂ ಮೊದಲಿನಂತೆ ಮಾಡು' ಎಂದರ್ಥ. ಗುರುತು ಅರ್ಥವಾಗದ ಹೊಸಬ ಮೊಳೆ ಜೋಡಿಸಲು ಕುಳಿತರೆ 'ದಪ್ಪ ಅಕ್ಷರದಲ್ಲಿ' ಎಂಬುದೂ ಪುಟದಲ್ಲಿ ಅಚ್ಚಾಗುತ್ತದೆ ಅಲ್ಲವೇ? ತೆರೆಯ ಮೇಲೆ ಕಸ ಬರುವುದೂ ಹೀಗೆಯೇ.

ಈ ಗುರುತುಗಳ ಕಟ್ಟಳೆ ಹೊಸದೇನಲ್ಲ. ಯುರೋಪಿನ ಎಕ್ಮಾ ಸಂಸ್ಥೆಯ 48ನೆಯ ಮಾನಕ 1976ರಲ್ಲಿ ಬಂತು, ಅಮೆರಿಕದ ಆನ್ಸಿ ಮಾನಕ 1979ರಲ್ಲಿ. ಇವನ್ನು ಜನಪ್ರಿಯಗೊಳಿಸಿದ್ದು 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪೆನಿ ತಂದ ವಿಟಿ 100 ಎಂಬ ಯಂತ್ರ. ತಮಾಷೆಯೆಂದರೆ ಆ ಯಂತ್ರದ ತೆರೆಗೆ ಬಣ್ಣವೇ ಇರಲಿಲ್ಲ! ಇಂದಿಗೂ ನಮ್ಮ ಗಣಕದ ಕಿಟಕಿಗಳೆಲ್ಲ ಆ ಯಂತ್ರದ ವೇಷ ಹಾಕಿಕೊಂಡೇ ಓಡಾಡುತ್ತಿವೆ.

ಅಂಕಿಗಳ ಕ್ರಮ ಸೊಗಸಾಗಿದೆ. 30 ಕಪ್ಪು, 31 ಕೆಂಪು, 32 ಹಸಿರು, 34 ನೀಲಿ. ಕೊನೆಯ ಅಂಕಿಯನ್ನು ನೋಡಿ: ಕೆಂಪು 1, ಹಸಿರು 2, ನೀಲಿ 4. ಕೆಂಪು ಹಸಿರು ಕೂಡಿದರೆ 3, ಅದು ಹಳದಿ. ಕೆಂಪು ನೀಲಿ ಕೂಡಿದರೆ 5, ಮೆಜೆಂತಾ. ಹಸಿರು ನೀಲಿ ಕೂಡಿದರೆ 6, ಸಯಾನ್. ಮೂರೂ ಕೂಡಿದರೆ 7, ಬಿಳುಪು. ಬಣ್ಣಗಳನ್ನು ಹೀಗೆ ಕೂಡಿಸುವುದು ಬೆಳಕಿಗೆ ಮಾತ್ರ ಸಲ್ಲುತ್ತದೆ, ಡಬ್ಬಿಯ ಬಣ್ಣಕ್ಕಲ್ಲ. ಇದೇ ಎಂಟು ಬಣ್ಣಗಳು ಕಾರ್ಯಕ್ರಮ ಶುರುವಾಗುವ ಮೊದಲು ನಿಮ್ಮ ಟಿ.ವಿ.ಯಲ್ಲಿ ನಿಲ್ಲುತ್ತಿದ್ದ ಉದ್ದುದ್ದ ಬಣ್ಣದ ಪಟ್ಟಿಗಳು. ಬಿಳಿ, ಹಳದಿ, ಸಯಾನ್, ಹಸಿರು, ಮೆಜೆಂತಾ, ಕೆಂಪು, ನೀಲಿ, ಕಪ್ಪು, ಇದು ಎಡದಿಂದ ಬಲಕ್ಕೆ ಅವುಗಳ ಸಾಲು.

ಆ ಸಾಲಿಗೆ ಕಾರಣವಿದೆ. ನಮ್ಮ ದೇಶಕ್ಕೆ 1982ರಲ್ಲಿ ಬಣ್ಣದ ಪ್ರಸಾರ ಬಂದಾಗ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಕಪ್ಪು ಬಿಳುಪಿನ ಪೆಟ್ಟಿಗೆ. ಅವರಿಗೂ ಚಿತ್ರ ಕಾಣಬೇಕಲ್ಲ! ಹಾಗಾಗಿ ಪ್ರತಿಯೊಂದು ಬಣ್ಣಕ್ಕೂ ಎಷ್ಟು ಬೆಳಕು ಎಂಬ ಲೆಕ್ಕ ಬೇಕು. ಮನುಷ್ಯನ ಕಣ್ಣಿಗೆ ಹಸಿರು ಬಹಳ ಉಜ್ವಲ, ಕೆಂಪು ಅದರ ಅರ್ಧ, ನೀಲಿ ತೀರಾ ಮಂದ. ಬಿಳುಪಿಗೆ 100 ಎಂದಿಟ್ಟರೆ ಹಳದಿಗೆ 89, ಸಯಾನಿಗೆ 70, ಹಸಿರಿಗೆ 59, ಮೆಜೆಂತಾಕ್ಕೆ 41, ಕೆಂಪಿಗೆ 30, ನೀಲಿಗೆ ಬರೀ 11. ಈಗಿನ ಹೈ ಡೆಫಿನಿಷನ್ ಲೆಕ್ಕದಲ್ಲಿ ನೀಲಿಯ ಪಾಲು ಇನ್ನೂ ಇಳಿದು 7 ಆಗಿದೆ. ಬಣ್ಣದ ಪಟ್ಟಿಯನ್ನು ಕಪ್ಪು ಬಿಳುಪಿನ ಪೆಟ್ಟಿಗೆಯಲ್ಲಿ ನೋಡಿದರೆ ಮೆಟ್ಟಿಲಿಳಿದಂತೆ ಕಾಣುತ್ತಿತ್ತು.

'ಅಕ್ಷರ ಕಾಣಿಸುವುದಿಲ್ಲ' ಎಂಬ ದೂರಿಗೆ ಉತ್ತರ ಇದರಲ್ಲೇ ಇದೆ. ಲಿನಕ್ಸ್ ಗಣಕದಲ್ಲಿ ಕಡತಗಳ ಪಟ್ಟಿ ಕೇಳಿದರೆ ಕಡತಕೋಶಗಳು ನೀಲಿಯಲ್ಲಿ ಬರುತ್ತವೆ. ಕಪ್ಪಿನ ಮೇಲೆ ನೀಲಿ ಎಂದರೆ ಸೊನ್ನೆಯ ಮೇಲೆ ಹನ್ನೊಂದು. ಅದರ ಮೇಲೆ ತರಗತಿಯಲ್ಲಿ ಪ್ರೊಜೆಕ್ಟರ್ ಹಾಕಿ, ಮಳೆಗಾಲದ ಕತ್ತಲೆಂದು ದೀಪಗಳನ್ನೂ ಉರಿಸಿದರೆ ಹಿಂದಿನ ಬೆಂಚಿನವರಿಗೆ ಏನು ಕಂಡೀತು? ಕಿಟಕಿಯ ಹಿನ್ನೆಲೆಯನ್ನು ಬಿಳಿ ಮಾಡಿಕೊಂಡವರಿಗೆ ಹಳದಿ ಅದೇ ಪಾಡು: ನೂರರ ಮೇಲೆ ಎಂಬತ್ತೊಂಬತ್ತು, ಅಂತರ ಮತ್ತೆ ಹನ್ನೊಂದೇ. ಕಣ್ಣಿನ ಡಾಕ್ಟರರ ಬಳಿ ಹೋಗುವ ಮೊದಲು ಈ ಲೆಕ್ಕ ಹಾಕಿ ನೋಡಿ. ಮೈಕ್ರೋಸಾಫ್ಟಿನವರೂ ಕೊನೆಗೆ ಇದನ್ನು ಒಪ್ಪಿದರು. ವಿಂಡೋಸಿನ ಕರಿಯ ಕಿಟಕಿಯಲ್ಲಿದ್ದ ಹಳೆಯ ಕಡು ನೀಲಿ ನಮ್ಮ ಲೆಕ್ಕದಲ್ಲಿ 6ರಷ್ಟು ಮಾತ್ರ. 2017ರಲ್ಲಿ ಅವರು ಅದಕ್ಕೆ ಸ್ವಲ್ಪ ಹಸಿರು ಬೆರೆಸಿ, ನೀಲಿಯ ಬಲವನ್ನೂ ಹೆಚ್ಚಿಸಿ 22ಕ್ಕೆ ಏರಿಸಿದರು. ನೀವೂ ಹಾಗೆಯೇ ಮಾಡಬಹುದು. ಟರ್ಮಿನಲ್ಲಿನ ಆಯ್ಕೆಗಳ ಪುಟದಲ್ಲಿ ಬಣ್ಣಗಳ ಪಟ್ಟಿ ಇರುತ್ತದೆ. ಅದರಲ್ಲಿ ನೀಲಿಯನ್ನು ಆಕಾಶನೀಲಿಯತ್ತ ಸರಿಸಿದರೆ ಸಾಕು. ಕಾರ್ಯಕ್ರಮವೊಂದನ್ನೂ ಮುಟ್ಟಬೇಕಿಲ್ಲ. ಏಕೆಂದರೆ ಕಾರ್ಯಕ್ರಮ '34' ಎಂದಷ್ಟೇ ಹೇಳುತ್ತದೆ. 34 ಎಂದರೆ ಯಾವ ನೀಲಿ ಎಂದು ನಿರ್ಧರಿಸುವುದು ನಿಮ್ಮ ಕಿಟಕಿ.

ಈ ಮಾತು ಬಹಳ ಮಂದಿಗೆ ಹೊಳೆಯುವುದಿಲ್ಲ. ಯಕ್ಷಗಾನದ ಬಣ್ಣದ ವೇಷವನ್ನು ನೆನೆಯಿರಿ. ಚೌಕಿಯಲ್ಲಿ ಬಳಿದುಕೊಂಡ ಬಣ್ಣ ಒಂದೇ. ಆದರೆ ದೀವಟಿಗೆಯ ಬೆಳಕಿನಲ್ಲಿ ಅದು ಒಂದು ಮುಖ, ಟ್ಯೂಬ್‌ಲೈಟಿನಲ್ಲಿ ಇನ್ನೊಂದು ಮುಖ. ಚಿತ್ರೀಕರಣಕ್ಕೆ ಹೋದಾಗ ನಮ್ಮ ಛಾಯಾಗ್ರಾಹಕರು ಮೊದಲು ಬಿಳಿ ಹಾಳೆ ಹಿಡಿಸಿ ಕ್ಯಾಮೆರಾ ಸರಿಮಾಡಿಕೊಳ್ಳುವುದು ಅದಕ್ಕೇ. ಒಬ್ಬರ ಕರಿಯ ಕಿಟಕಿಯಲ್ಲಿ ಅಂದವಾಗಿ ಕಂಡದ್ದು ಇನ್ನೊಬ್ಬರ ಬಿಳಿಯ ಕಿಟಕಿಯಲ್ಲಿ ಮಾಯವಾದರೆ ಆಶ್ಚರ್ಯವಿಲ್ಲ. ಹಳೆಯ ಐ.ಬಿ.ಎಂ. ಗಣಕಗಳಲ್ಲಿ 33 ಎಂದರೆ ಹಳದಿಯೇ ಬರುತ್ತಿರಲಿಲ್ಲ, ಕಂದು ಬರುತ್ತಿತ್ತು. ಮಂದ ಹಳದಿ ಅಸಹ್ಯವಾಗಿ ಕಾಣುತ್ತದೆಂದು ಅವರ ತೆರೆಯಲ್ಲಿ ಹಸಿರನ್ನು ತಗ್ಗಿಸುವ ಏರ್ಪಾಡನ್ನೇ ಮಾಡಿದ್ದರು.

ಇನ್ನು ದೋಷ ಹುಡುಕುವ ವಿಧಾನ. ಸ್ಟುಡಿಯೋದಲ್ಲಿ ಚಿತ್ರದ ಬಣ್ಣ ಕೆಟ್ಟರೆ ಎಂಜಿನಿಯರರು ಕೂಡಲೇ ಕ್ಯಾಮೆರಾ ಬಿಚ್ಚುವುದಿಲ್ಲ. ಕ್ಯಾಮೆರಾವನ್ನು ಬದಿಗಿಟ್ಟು ಬಣ್ಣದ ಪಟ್ಟಿಯನ್ನು ತಂತಿಗೆ ಕೊಡುತ್ತಾರೆ. ಪಟ್ಟಿ ಸರಿಯಾಗಿ ಬಂದರೆ ಮಾನಿಟರೂ ತಂತಿಯೂ ಸರಿ, ದೋಷ ಆಚೆ. ಪಟ್ಟಿಯೇ ಕೆಟ್ಟು ಬಂದರೆ ದೋಷ ಈಚೆ. ಅರ್ಧ ಕೆಲಸ ಒಂದೇ ಏಟಿಗೆ ಮುಗಿಯಿತು. ಟರ್ಮಿನಲ್ಲಿಗೂ ಇಂಥ ಪಟ್ಟಿಯನ್ನು ನಾವೇ ಕೊಡಬಹುದು. ಲಿನಕ್ಸಿನಲ್ಲಿ, ಮ್ಯಾಕಿನಲ್ಲಿ ಪ್ರಿಂಟ್‌ಎಫ್ ಎಂಬ ಅಪ್ಪಣೆ ಇದೆ. ಅದನ್ನು ಬರೆದು, ಉದ್ಧರಣ ಚಿಹ್ನೆಯೊಳಗೆ ಹಿಂಬದಿಗೆ ವಾಲಿದ ಓರೆಗೆರೆ, 033, ಎಡ ಚೌಕ ಕಂಸ, 31, ಎಂ, ಆಮೇಲೆ ಯಾವುದಾದರೂ ಒಂದು ಪದ, ಮತ್ತೆ ಓರೆಗೆರೆ, 033, ಎಡ ಚೌಕ ಕಂಸ, 0, ಎಂ ಎಂದು ಬರೆಯಿರಿ. ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ. 27 ಏಕೆ 033 ಆಯಿತು ಎಂದರೆ ಇಲ್ಲಿ ಎಂಟರ ಲೆಕ್ಕ: ಮೂರು ಎಂಟಲೆ ಇಪ್ಪತ್ತನಾಲ್ಕು, ಜೊತೆಗೆ ಮೂರು. 31ರ ಜಾಗದಲ್ಲಿ 37ರವರೆಗೆ ಬೇರೆ ಬೇರೆ ಅಂಕಿ ಹಾಕಿ ನೋಡಿ.

ಆ ಪದ ಕೆಂಪಾಗಿ ಬಂತೋ? ಹಾಗಾದರೆ ನಿಮ್ಮ ಕಿಟಕಿ ನಿರ್ದೋಷಿ. ಬಣ್ಣ ಕೊಡದೆ ಇರುವುದು ಕಾರ್ಯಕ್ರಮ. ಅದಕ್ಕೂ ಅದರದೇ ಕಾರಣಗಳಿರುತ್ತವೆ. ಸಭ್ಯವಾದ ಕಾರ್ಯಕ್ರಮಗಳು ಮಾತನಾಡುವ ಮೊದಲು ಎದುರಿಗಿರುವವರು ಯಾರೆಂದು ನೋಡುತ್ತವೆ. ಎದುರಿಗೆ ತೆರೆ ಇದ್ದರೆ ಬಣ್ಣ, ಕಡತವೋ ಇನ್ನೊಂದು ಕಾರ್ಯಕ್ರಮವೋ ಇದ್ದರೆ ಬರೀ ಅಕ್ಷರ. ಉದ್ದನೆಯ ಪಟ್ಟಿಯನ್ನು ಪುಟಪುಟವಾಗಿ ಓದಲೆಂದು ಲೆಸ್ ಎಂಬುದರೊಳಕ್ಕೆ ಹರಿಸಿದಾಗ ಬಣ್ಣ ಹೋಗುವುದು ಇದರಿಂದಲೇ. ಅಲ್ಲಿ ಬಣ್ಣ ಬೇಕೇ ಬೇಕಿದ್ದರೆ ಕಳುಹಿಸುವ ಕಡೆ ಬಣ್ಣಕ್ಕೆ 'ಆಲ್ವೇಸ್' ಎನ್ನಬೇಕು, ಲೆಸ್ಸಿಗೆ ದೊಡ್ಡ ಆರ್ ಎಂಬ ಸೂಚನೆ ಕೊಡಬೇಕು. ಎರಡನೆಯದನ್ನು ಮರೆತರೆ ಮತ್ತೆ ಅದೇ ಕಸ.

ಇನ್ನೊಂದು ಕಾರಣ 'ಟರ್ಮ್' ಎಂಬ ಹೆಸರಿನ ಚೀಟಿ. ನನ್ನ ತೆರೆ ಯಾವ ಜಾತಿಯದು ಎಂದು ಗಣಕ ಬರೆದಿಟ್ಟುಕೊಳ್ಳುವ ಚೀಟಿ ಅದು. ಕಾರ್ಯಕ್ರಮ ಅದನ್ನು ಓದಿ, ಟರ್ಮ್‌ಇನ್ಫೋ ಎಂಬ ದೊಡ್ಡ ಕೋಷ್ಟಕದಲ್ಲಿ ಆ ತೆರೆಗೆ ಏನೇನು ಬರುತ್ತದೆ ಎಂದು ನೋಡುತ್ತದೆ. ನೀವು ಕಾಸರಗೋಡಿನಲ್ಲಿ ಕುಳಿತು ಬೆಂಗಳೂರಿನ ಯಂತ್ರಕ್ಕೆ ಸಂಪರ್ಕ ಮಾಡಿದಾಗ ಚೀಟಿಯೂ ಜೊತೆಗೆ ಹೋಗುತ್ತದೆ. ಅಲ್ಲಿಯ ಕೋಷ್ಟಕದಲ್ಲಿ ನಿಮ್ಮ ಹೊಸ ಕಿಟಕಿಯ ಹೆಸರೇ ಇಲ್ಲದಿದ್ದರೆ? ಅಪರಿಚಿತರಿಗೆ ಬಣ್ಣವಿಲ್ಲ. 'ಟಿಪುಟ್ ಕಲರ್ಸ್' ಎಂದು ಬರೆದರೆ ಎಷ್ಟು ಬಣ್ಣ ಎಂದು ಗಣಕವೇ ಹೇಳುತ್ತದೆ. 8 ಎಂದರೆ ಹಳೆಯ ಕಾಲದ ಚೀಟಿ, 256 ಎಂದರೆ ಈಗಿನದು. ಟಿಮಕ್ಸ್‌ನಂಥ ಕಾರ್ಯಕ್ರಮದ ಒಳಗಿದ್ದರಂತೂ ನಡುವೆ ಒಂದು ಮರುಪ್ರಸಾರ ಕೇಂದ್ರ ಇದ್ದಂತೆ. ಮೊದಲು ಅದರ ಹೊರಗೆ, ಆಮೇಲೆ ಒಳಗೆ, ಎರಡೂ ಕಡೆ ಪಟ್ಟಿ ಹಾಕಿ ನೋಡಬೇಕು.

ಇಲ್ಲೊಂದು ಮಾತು. ಕೆಲವರು ಸುಲಭ ದಾರಿಯೆಂದು ಆ ಚೀಟಿಯನ್ನೇ ತಿದ್ದಿ, ಎಲ್ಲ ಕಡೆಯೂ 256 ಬಣ್ಣ ಎಂದು ಬರೆದುಬಿಡುತ್ತಾರೆ. ನಮ್ಮ ಬಾಲ್ಯದಲ್ಲಿ ಕಪ್ಪು ಬಿಳುಪು ಟಿ.ವಿ.ಯ ಮುಂದೆ ಮೂರು ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿ, 'ಈಗ ನಮ್ಮದೂ ಕಲರ್' ಎನ್ನುತ್ತಿದ್ದರು. ಮೇಲೆ ನೀಲಿ ಇದ್ದುದರಿಂದ ವಾರ್ತೆ ಓದುವವರ ತಲೆಗೂದಲೂ ನೀಲಿ! ಚೀಟಿ ತಿದ್ದುವುದೂ ಅದೇ ಜಾತಿಯ ಉಪಾಯ. 256 ಬಣ್ಣದ ಗುರುತು 38, 5 ಮತ್ತು ಬಣ್ಣದ ಅಂಕಿ ಎಂದು ಹೋಗುತ್ತದೆ. ಅದನ್ನು ತಿಳಿಯದ ಹಳೆಯ ತೆರೆ 38ನ್ನು ಬಿಟ್ಟು ಉಳಿದ ಅಂಕಿಗಳನ್ನು ಬೇರೆ ಬೇರೆಯಾಗಿ ಓದಿಕೊಂಡರೆ 5 ಎಂದರೆ ಮಿನುಗು, 4 ಎಂದರೆ ಅಡಿಗೆರೆ. ಅಕ್ಷರಗಳು ದೀಪಾವಳಿಯ ಸರದ ಹಾಗೆ ಮಿನುಗತೊಡಗಿದರೆ ಈ ಕಾರಣವನ್ನು ಶಂಕಿಸಿ.

ಪ್ರಯೋಗದ ಪದ ಕೆಂಪಾಗದೆ ಕಸವಾಗಿಯೇ ಬಂತೋ? ಆಗ ತೆರೆಗೆ ಗುರುತಿನ ಭಾಷೆ ಬರುವುದಿಲ್ಲ. ವಿಂಡೋಸಿನ ಹಳೆಯ ಕಿಟಕಿಗಳಲ್ಲಿ ಇದು ಮಾಮೂಲು. ಅವು ಈ ಭಾಷೆ ಕಲಿತದ್ದು ವಿಂಡೋಸ್ 10 ಬಂದ ಮೇಲೆ, 2016ರ ಸುಮಾರಿಗೆ. ಹಳೆಯ ಯಂತ್ರಗಳನ್ನೇ ಇಟ್ಟುಕೊಂಡ ಪ್ರಯೋಗಾಲಯಗಳಲ್ಲಿ ಮಕ್ಕಳ ಕಾರ್ಯಕ್ರಮವನ್ನು ಬೈಯುವ ಮೊದಲು ಇದನ್ನು ನೆನಪಿಡಬೇಕು. ಇನ್ನು, ಯಾವುದೋ ಕಾರ್ಯಕ್ರಮ ನಡುವೆ ನಿಂತು ಇಡೀ ತೆರೆ ಕೆಂಪಾಗಿಯೇ ಉಳಿದರೆ ಗಾಬರಿ ಬೇಡ. 0 ಎಂಬ ಗುರುತು ಬರುವ ಮೊದಲೇ ಅದು ಸತ್ತಿದೆ, ಅಷ್ಟೆ. 'ರೀಸೆಟ್' ಎಂದು ಬರೆದು ಎಂಟರ್ ಒತ್ತಿ. ಬರೆದದ್ದು ಕಾಣದಿದ್ದರೂ ಪರವಾಗಿಲ್ಲ.

ಆಗ ಹೇಳಿದ ಕಚೇರಿಯ ವಿಷಯಕ್ಕೆ ಬರೋಣ. ನಗರದ ಒಂದು ಚಿಕ್ಕ ಕಚೇರಿ, ಹೆಸರು ಬೇಡ. ಪ್ರತಿರಾತ್ರಿ ಆ ದಿನದ ಕಡತಗಳ ಪಟ್ಟಿ ಮಾಡಿ ಇನ್ನೊಂದು ಡಿಸ್ಕಿಗೆ ನಕಲು ಮಾಡುವ ಸಣ್ಣ ಕಾರ್ಯಕ್ರಮ ಅಲ್ಲಿತ್ತು. ಯಾರೋ ಉತ್ಸಾಹಿ, ನೋಡಲು ಚೆನ್ನಾಗಿರಲಿ ಎಂದು ಪಟ್ಟಿಯ ಅಪ್ಪಣೆಗೆ ಬಣ್ಣ 'ಆಲ್ವೇಸ್' ಎಂದು ಸೇರಿಸಿದರು. ಅಂದಿನಿಂದ ಪ್ರತಿ ಹೆಸರಿನ ಹಿಂದೆ ಮುಂದೆ ಗುಪ್ತ ಗುರುತು ಅಂಟಿಕೊಂಡಿತು. ತೆರೆಯ ಮೇಲೆ ನೋಡಿದರೆ ಹೆಸರು ಸರಿಯಾಗಿಯೇ ಇದೆ, ಬಣ್ಣದಲ್ಲೂ ಇದೆ. ಆದರೆ ನಕಲು ಮಾಡುವ ಭಾಗಕ್ಕೆ ಅಂಥ ಹೆಸರಿನ ಕಡತವೇ ಸಿಗುವುದಿಲ್ಲ. 'ಸಿಗಲಿಲ್ಲ' ಎಂಬ ದೂರನ್ನು ಕೇಳುವವರೂ ಇರಲಿಲ್ಲ, ಅದನ್ನು ಎಸೆಯುವಂತೆ ಮೊದಲೇ ಬರೆದಿಟ್ಟಿದ್ದರು. ಮೂರು ತಿಂಗಳ ಮೇಲೆ ಮೂಲ ಡಿಸ್ಕ್ ಕೆಟ್ಟಿತು. ನಕಲಿನ ಡಿಸ್ಕಿನಲ್ಲಿ ಮೂರು ತಿಂಗಳಿನದು ಏನೂ ಇಲ್ಲ! ಆ ಪಟ್ಟಿಯನ್ನು ಕ್ಯಾಟ್ ಎಂಬ ಅಪ್ಪಣೆಗೆ ಸಣ್ಣ ವಿ ಎಂಬ ಸೂಚನೆ ಸೇರಿಸಿ ಒಮ್ಮೆ ನೋಡಿದ್ದರೆ ಗುರುತುಗಳೆಲ್ಲ ಬಯಲಾಗುತ್ತಿದ್ದವು. ಮನುಷ್ಯ ಓದುವ ಕಡೆ 'ಆಟೋ' ಎನ್ನಿ, ಯಂತ್ರ ಓದುವ ಕಡೆ 'ನೆವರ್' ಎನ್ನಿ. 'ಆಲ್ವೇಸ್' ಎಂಬುದು ಕೈಯಿಂದ ಬರೆಯುವಾಗಲಷ್ಟೇ ಇರಲಿ.

ಬಣ್ಣ ಸರಿಯಾಗಿದ್ದೂ ಉಪಯೋಗಕ್ಕೆ ಬಾರದವರಿದ್ದಾರೆ. ಕೆಂಪು ಹಸಿರುಗಳ ಭೇದ ಕಾಣದ ಹುಟ್ಟುದೋಷ ಗಂಡಸರಲ್ಲೇ ಹೆಚ್ಚು. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಎಂಟು ಮಂದಿಗೆ ಇದೆ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕಿಂತ ಕಡಿಮೆಯಾದರೂ ಅರುವತ್ತು ಹುಡುಗರ ಒಂದು ತರಗತಿಯಲ್ಲಿ ಒಬ್ಬಿಬ್ಬರಿರುವುದು ಸಹಜ. ಇಂಥ ಒಬ್ಬ ವಿದ್ಯಾರ್ಥಿ ನನಗೆ ಗೊತ್ತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಹತ್ತು ಸಾಲು ಫಲಿತಾಂಶ ಬಂತು, ಸರಿಯಾದವು ಹಸಿರು, ತಪ್ಪಿದವು ಕೆಂಪು, ಪಕ್ಕದಲ್ಲಿ ಒಂದು ಪದವೂ ಇಲ್ಲ. 'ಕೆಂಪು ಕಣ್ಣೆದುರಿಗೇ ಇದೆಯಲ್ಲ ಮಾರಾಯ, ಕಾಣುವುದಿಲ್ಲವಾ?' ಎಂದು ಪರೀಕ್ಷಕರು ಕೇಳಿದರು. ಅವನಿಗೆ ಹತ್ತೂ ಒಂದೇ ಮಣ್ಣಿನ ಬಣ್ಣ. ಹೇಳಲು ಸಂಕೋಚ, ಸುಮ್ಮನೆ ನಿಂತ. ದಾರಿಯ ಸಿಗ್ನಲ್ಲಿನಲ್ಲಿ ಕೆಂಪು ಯಾವಾಗಲೂ ಮೇಲೆ ಇರುವುದರಿಂದ ಅವನಿಗೆ ಸ್ಕೂಟರ್ ಓಡಿಸಲು ತೊಂದರೆಯಿಲ್ಲ. ಅದೇ ಔದಾರ್ಯವನ್ನು ನಾವು ತೆರೆಯ ಮೇಲೆ ತೋರಿಸಿದರೆ ಆಗದೇ? ಕೆಂಪಿನ ಪಕ್ಕ 'ತಪ್ಪು', ಹಸಿರಿನ ಪಕ್ಕ 'ಸರಿ' ಎಂದು ಬರೆಯಲು ಎಷ್ಟು ಹೊತ್ತು? ಕಾರ್ಯಕ್ರಮ ಬರೆಯುವ ಮಕ್ಕಳಿಗೆ ನನ್ನ ಒಂದೇ ಕೋರಿಕೆ ಇದು. ಬಣ್ಣವೇ ಬೇಡ ಎನ್ನುವವರಿಗಾಗಿ 2017ರಿಂದ ಒಂದು ರೂಢಿ ಬೆಳೆದಿದೆ. ನೋ ಕಲರ್ ಎಂಬ ಹೆಸರಿನ ಚೀಟಿಯನ್ನು ಗಣಕದಲ್ಲಿ ಇಟ್ಟರೆ ಅದನ್ನು ಗೌರವಿಸುವ ಕಾರ್ಯಕ್ರಮಗಳೆಲ್ಲ ಬಣ್ಣ ಬಿಡುತ್ತವೆ. ಯಾರದೋ ಗಣಕದಲ್ಲಿ ಎಷ್ಟು ಹುಡುಕಿದರೂ ಬಣ್ಣ ಹೋದ ಕಾರಣ ಸಿಗದಿದ್ದರೆ, ಆ ಚೀಟಿ ಇದೆಯೇ ಎಂದೂ ನೋಡಿ.

ಕೊನೆಗೆ ಕನ್ನಡದ ಒಂದು ತೊಡಕು. ಕನ್ನಡ ಕಡತದಲ್ಲಿ ಪದ ಹುಡುಕಲು ಗ್ರೆಪ್ ಎಂಬ ಅಪ್ಪಣೆ ಬಳಸುತ್ತೀರಿ. ಸಿಕ್ಕಿದ ಭಾಗವನ್ನು ಅದು ಕೆಂಪಾಗಿಸಿ ತೋರಿಸುತ್ತದೆ. 'ಮಂಗಳ' ಎಂದು ಹುಡುಕಿದಿರಿ, ಸಾಲಿನಲ್ಲಿ 'ಮಂಗಳೂರು' ಇದೆ. ನಮಗೆ 'ಳೂ' ಒಂದೇ ಅಕ್ಷರ. ಯೂನಿಕೋಡಿಗೆ ಅದು ಎರಡು: 'ಳ' ಬೇರೆ, ಕೊಂಬಿನ ದೀರ್ಘ ಬೇರೆ. 'ಳ'ದವರೆಗೆ ಕೆಂಪು ಹಾಕಿ, ಅಲ್ಲಿಯೇ 0 ಎಂಬ ಗುರುತು ತೂರಿಸಿ, ಆಮೇಲೆ ಕೊಂಬನ್ನು ಕಳುಹಿಸುತ್ತದೆ. ಕೆಲವು ತೆರೆಗಳಲ್ಲಿ ಆ ಕೊಂಬು ತನ್ನ ಅಕ್ಷರವನ್ನು ಕಳೆದುಕೊಂಡು, ಚುಕ್ಕೆಗಳ ಒಂದು ವೃತ್ತಕ್ಕೆ ಜೋತುಬಿದ್ದು ಕಾಣುತ್ತದೆ. ಕಡತ ಕೆಟ್ಟಿತೆಂದು ಹೆದರಿ ಅದನ್ನು ತಿದ್ದಲು ಹೋಗಬೇಡಿ. ಕಡತದಲ್ಲಿ ಊರಿನ ಹೆಸರು ಸರಿಯಾಗಿಯೇ ಇದೆ. ಬಣ್ಣಕ್ಕೆ 'ನೆವರ್' ಎಂದು ಸೂಚಿಸಿ ಇನ್ನೊಮ್ಮೆ ಹುಡುಕಿ. ಕೊಂಬು ತನ್ನ ಜಾಗಕ್ಕೆ ಬರುತ್ತದೆ.